ಫ್ರಾನ್ಸ್‌ನಲ್ಲಿ ಕಾರು, ಲಾರಿ ಕಾಟ ಇಲ್ಲದ ಸೈಕಲ್ ದಾರಿ: ಅರವತ್ತರ ಆಸುಪಾಸಿನವರಿಗೆ ಯಾವುದು?

ನಾಲೆ ಏರಿ ಮಂಡ್ಯ:

ಎಲ್ಲರಿಗೂ ನಮಸ್ಕಾರ. ನನಗೆ 63, ನಮ್ಮ ಮನೆಯವರಿಗೆ 58. ನಾನು ನೀರಾವರಿ ಇಲಾಖೆಯಲ್ಲಿದ್ದು ನಿವೃತ್ತನಾದವನು. ಮಗಳು, ಅಳಿಯ ತುಲೂಸ್‌ನಲ್ಲಿದ್ದಾರೆ. ಸೆಪ್ಟೆಂಬರ್‌ನಿಂದ ಆರು ವಾರ ಅಲ್ಲಿರುತ್ತೇವೆ. ಹೋದ ಸಲ ಮ್ಯೂಸಿಯಂ, ಚರ್ಚು, ಮಾಲು ಎಲ್ಲ ಆಯಿತು. ಈ ಸಲ ಐದಾರು ದಿನ ಹಳ್ಳಿ ಕಡೆ ಸೈಕಲ್ ಹೊಡೆಯೋಣ ಅಂತ ನನ್ನ ಆಸೆ.

ಇಬ್ಬರಿಗೂ ಸೈಕಲ್ ಹೊಸದಲ್ಲ. ನಾನು ವಿ.ಸಿ. ನಾಲೆ ಏರಿ ಮೇಲೆ ಹೈಸ್ಕೂಲಿಗೆ ಹೋದವನು. ಅವರು ಟೀಚರಾಗಿದ್ದಾಗ ಪಾಂಡವಪುರದ ಹತ್ತಿರದ ಹಳ್ಳಿ ಶಾಲೆಗೆ ವರ್ಷಗಟ್ಟಲೆ ಲೇಡೀಸ್ ಸೈಕಲ್‌ನಲ್ಲಿ ಓಡಾಡಿದವರು. ಆದರೆ ಒಂದು ಕರಾರು ಹಾಕಿದ್ದಾರೆ: "ಹಿಂದಿನಿಂದ ಒಂದು ಲಾರಿ ಹಾರ್ನ್ ಹೊಡೆದರೂ ಅಲ್ಲೇ ಇಳಿದು ರೈಲು ಹತ್ತುತ್ತೇನೆ." ಅಲ್ಲಿ ಬಲಗಡೆ ಓಡಿಸಬೇಕು ಎನ್ನುವ ಭಯವೂ ಇದೆ.

ಮಗಳು ಲುವಾರ್ ನದಿ ದಾರಿ ಅಂತಾಳೆ, ಅಳಿಯ ಮಿದಿ ಕಾಲುವೆ ಅಂತಾರೆ. ಹೋಗಿ ಬಂದವರು ಹೇಳಿ. ಇಬ್ಬರೂ ಸಸ್ಯಾಹಾರಿಗಳು. ಏರು ಹತ್ತುವ ಮಂಡಿ ಇಬ್ಬರಿಗೂ ಉಳಿದಿಲ್ಲ.

ಗರೋನ್ ದಂಡೆ:

ನಮಸ್ಕಾರ ಸರ್. ನಾನು ತುಲೂಸ್‌ನಲ್ಲೇ ಒಂಬತ್ತು ವರ್ಷದಿಂದ ಇದ್ದೀನಿ, ಊರು ಕೆ.ಆರ್. ನಗರ. ನಿಮ್ಮ ಅಳಿಯ ಹೇಳಿದ್ದು ಅರ್ಧ ಸರಿ. ಕಾಲುವೆ ಹೌದು, ಆದರೆ ಮಿದಿ ಅಲ್ಲ. ತುಲೂಸ್‌ನಿಂದ ಇನ್ನೊಂದು ದಿಕ್ಕಿಗೆ ಬೋರ್ಡೋ ಕಡೆ ಹೋಗುತ್ತಲ್ಲ, ಆ ಗರೋನ್ ಕಾಲುವೆ.

ಮಿದಿ ಕಾಲುವೆಗೆ ಹೆಸರು ದೊಡ್ಡದು. 1681ರಲ್ಲಿ ಮುಗಿದ ಕೆಲಸ, 240 ಕಿ.ಮೀ., ಯುನೆಸ್ಕೋ ಪಟ್ಟಿಯಲ್ಲಿದೆ. ತುಲೂಸ್‌ನಿಂದ ಮೊದಲ 50 ಕಿ.ಮೀ. ಡಾಂಬರು, ಬೆಣ್ಣೆ ಥರ ಇರುತ್ತೆ. ಆಮೇಲೆ? ನಾನು ಹೋದಾಗ ಮಣ್ಣಿನ ಕಾಲುದಾರಿ, ಮೇಲೆ ಪ್ಲೇನ್ ಅನ್ನೋ ಜಾತಿ ಮರಗಳ ಬೇರು. ಕಾರ್ಕಸಾನ್ ಮುಟ್ಟೋ ಹೊತ್ತಿಗೆ ನನ್ನ ಕ್ಯಾರಿಯರ್‌ನ ಎರಡು ಸ್ಕ್ರೂ ಎಲ್ಲೋ ಬಿದ್ದುಹೋಗಿತ್ತು, ಚೀಲವನ್ನ ದುಪಟ್ಟಾದಲ್ಲಿ ಕಟ್ಟಿಕೊಂಡು ಹೋದೆ. ಆ ಮರಗಳಿಗೂ ರೋಗ. 2006ರಲ್ಲಿ ಒಂದು ಶಿಲೀಂಧ್ರ ಕಾಣಿಸಿಕೊಂಡು ಸಾವಿರಾರು ಮರ ಕಡಿದುಹಾಕಿದ್ದಾರೆ. ಫೋಟೋದಲ್ಲಿ ನೋಡಿದ ನೆರಳು ಎಲ್ಲಾ ಕಡೆ ಸಿಗಲ್ಲ.

ಗರೋನ್ ಕಾಲುವೆ 193 ಕಿ.ಮೀ., 1856ರಲ್ಲಿ ಪೂರ್ತಿಯಾಯ್ತು. ಅದರ ಏರಿ ಮೇಲೆ ಹೆಚ್ಚುಕಮ್ಮಿ ಉದ್ದಕ್ಕೂ ಡಾಂಬರು ಹಾಕಿದಾರೆ. ಇಲ್ಲಿ ಇಂಥ ದಾರಿಗೆ "ವುವಾ ವೆರ್ತ್" ಅಂತಾರೆ, ಹಸಿರು ದಾರಿ. ಮೋಟಾರು ಗಾಡಿ ಬರಂಗಿಲ್ಲ. ಕಾಲುವೆ ನೋಡಿಕೊಳ್ಳೋರ ವ್ಯಾನ್ ಒಂದೊಂದು ಸಲ ಮೆಲ್ಲಗೆ ಬರುತ್ತೆ, ಅಷ್ಟೆ. ಅಮ್ಮನಿಗೆ ಹೇಳಿ, ಹಾರ್ನ್ ಹೊಡೆಯಲ್ಲ. "ವೆಲೋರೂಟ್" ಅನ್ನೋ ಬೋರ್ಡ್ ಕಂಡರೆ ಮಾತ್ರ ಹುಷಾರು. ಅದು ಸೈಕಲ್ ಮಾರ್ಗ ಹೌದು, ಆದರೆ ಅಲ್ಲಲ್ಲಿ ಕಾರು ಓಡಾಡೋ ಹಳ್ಳಿ ರಸ್ತೆ ಸೇರಿರುತ್ತೆ. ನಿಮ್ಮ ಮಗಳು ಹೇಳಿದ ಲುವಾರ್ ದಾರಿ ಚೆನ್ನಾಗಿದೆ, ಆದರೆ ಈ ಜಾತಿಯದು.

ಏರಿನ ಚಿಂತೆ ಬಿಡಿ. 193 ಕಿ.ಮೀ.ಗೆ ಒಟ್ಟು 130 ಮೀಟರ್ ಹತ್ತಿರ ಇಳಿಜಾರು. ದೋಣಿ ಏರಿಳಿಸೋ ಒಂದೊಂದು ಲಾಕ್ ಗೇಟ್ ಹತ್ತಿರ ಎರಡು ಮೂರು ಮೀಟರ್ ಏರುತ್ತೆ, ಸಂತೆಗೆ ಹೋಗೋ ದಿಬ್ಬಕ್ಕಿಂತ ಕಡಿಮೆ.

ನನ್ನ ಸಲಹೆ: ತುಲೂಸ್‌ನಿಂದ ಹೊರಡಬೇಡಿ, ತುಲೂಸ್‌ಗೆ ಬನ್ನಿ. ಪಶ್ಚಿಮದ ಗಾಳಿ ಇದ್ದರೆ ಬೆನ್ನು ತಳ್ಳುತ್ತೆ, ಕಡೇ ದಿನ ಸುಸ್ತಾಗಿ ಮಗಳ ಮನೆ ಬಾಗಿಲಿಗೇ ಬರ್ತೀರ. (ಓತಾನ್ ಅಂತ ಆಗ್ನೇಯದ ಗಾಳಿ ಒಂದಿದೆ, ಅದು ಎದ್ದರೆ ಮುಖಕ್ಕೇ ಹೊಡೆಯುತ್ತೆ. ಆ ದಿನ ಇದ್ದಲ್ಲೇ ಇದ್ದು ನಿದ್ದೆ ಮಾಡಿ.) ಅಜಾನ್‌ನಲ್ಲಿ ರೈಲು ಬದಲಿಸಿ, ಕಾಲುವೆಯ ಬೋರ್ಡೋ ಕಡೆ ತುದಿ ಹತ್ತಿರದ ಲಾ ರೆಯೋಲ್ ತನಕ ಹೋಗಿ. ಟಿಇಆರ್ ಅನ್ನೋ ಪ್ರಾದೇಶಿಕ ರೈಲಿನಲ್ಲಿ ಸೈಕಲ್ ನೇತುಹಾಕೋ ಕೊಕ್ಕೆ ಇರುತ್ತೆ, ಜಾಗ ಬೇಗ ತುಂಬೋದರಿಂದ ಬೆಳಗಿನ ಗಾಡಿ ಹಿಡೀರಿ. ಲಾ ರೆಯೋಲ್ ಸ್ಟೇಷನ್‌ನಿಂದ ನದಿ ಸೇತುವೆ ದಾಟಿ ಕಾಲುವೆ ಮುಟ್ಟೋ ಎರಡು ಮೂರು ಕಿ.ಮೀ. ಮಾತ್ರ ಕಾರಿನ ಜೊತೆ. ಅಮ್ಮ ಬೇಕಾದರೆ ಇಳಿದು ತಳ್ಳಿಕೊಂಡು ಬರಲಿ.

ಮೊದಲ ದಿನ ಲ ಮಾಸ್ ದಾಜನೇ, ಸುಮಾರು 30 ಕಿ.ಮೀ. ಪುಟ್ಟ ಊರು. ಅದರ ಚರ್ಚಿನಲ್ಲಿ ರೆಂಬ್ರಾಂಟ್ 1631ರಲ್ಲಿ ಬರೆದ ಶಿಲುಬೆಯ ಕ್ರಿಸ್ತನ ಚಿತ್ರ ಇದೆ, ನಂಬೋಕೆ ಆಗಲ್ಲ. ಎರಡನೇ ದಿನ ಅಜಾನ್, 48. ಅಲ್ಲಿ ನೀವು ಒಂದು ಗಂಟೆ ನಿಲ್ತೀರ ಅಂತ ನನಗೆ ಗೊತ್ತು ಸರ್: ಕಾಲುವೇನೇ ನದಿ ಮೇಲೆ ಹಾರುತ್ತೆ. 539 ಮೀಟರ್ ಉದ್ದದ ಮೇಲ್ಗಾಲುವೆ, 23 ಕಮಾನು, ಕಲ್ಲಿನದು. ಕೆಳಗೆ ಗರೋನ್ ನದಿ, ಪಕ್ಕದಲ್ಲಿ ದೋಣಿ, ಮಧ್ಯೆ ನೀವು ಸೈಕಲ್ ಮೇಲೆ.

ಮೂರನೇ ದಿನ ಮುವಾಸಾಕ್, 43. ದಾರೀಲಿ ಗೋಲ್ಫೆಶ್ ಅಣು ವಿದ್ಯುತ್ ಸ್ಥಾವರದ ಎರಡು ಗೋಪುರ ಎಷ್ಟು ತುಳಿದರೂ ಹತ್ತಿರ ಬರದೆ ಸತಾಯಿಸುತ್ತೆ. ಮುವಾಸಾಕ್‌ನಲ್ಲಿ ಹಳೇ ಮಠದ ಕಂಬಸಾಲು ನೋಡಿ, ಸೆಪ್ಟೆಂಬರ್ ಆದ್ದರಿಂದ ಶಾಸ್ಲಾ ದ್ರಾಕ್ಷಿ ತಿನ್ನಿ. ನಾಲ್ಕನೇ ದಿನ ಮೊಂತೆಶ್, 21 ಅಷ್ಟೇ. ಐದನೇ ದಿನ ತುಲೂಸ್, 43.

ಅಂಗಡಿಗಳ ವಿಷಯ: ಮಧ್ಯಾಹ್ನ 12ರಿಂದ 2 ಹಳ್ಳಿ ಮಲಗಿರುತ್ತೆ. ಸೋಮವಾರ ಬಹಳಷ್ಟು ಬೇಕರಿ ರಜಾ. ಒಂದು ಸೋಮವಾರ ನಾನು ಬರೀ ಒಣ ಅಂಜೂರ ತಿಂದುಕೊಂಡು 50 ಕಿ.ಮೀ. ತುಳಿದಿದ್ದೀನಿ. ಹೋಟೆಲಲ್ಲಿ "ಮಾಂಸ ಬೇಡ" ಅಂದರೂ ಸಲಾಡ್ ಮೇಲೆ ಬಾತುಕೋಳಿ ತುಂಡು ಬರಬಹುದು, ಆಲೂಗಡ್ಡೆ ಅದರ ಕೊಬ್ಬಿನಲ್ಲೇ ಹುರಿದಿರಬಹುದು. ಈ ಸೀಮೆಯೇ ಹಾಗೆ. ಅಡುಗೆಮನೆ ಇರೋ ರೂಮು ಹುಡುಕಿ, ಹುರಿದ ರವೆ ತನ್ನಿ.

ಕುಡಿಯೋ ನೀರು ಖಾಲಿಯಾದರೆ ಊರಿನ ಸ್ಮಶಾನಕ್ಕೆ ಹೋಗಿ. ತಮಾಷೆ ಅಲ್ಲ, ಹೂವಿಗೆ ನೀರು ಹಾಕೋಕೆ ಅಲ್ಲಿ ನಲ್ಲಿ ಇರುತ್ತೆ. ಇಲ್ಲಿನ ಸೈಕಲ್‌ನೋರೆಲ್ಲ ಅಲ್ಲೇ ಬಾಟಲಿ ತುಂಬಿಸೋದು. "ಕುಡಿಯಲು ಯೋಗ್ಯವಲ್ಲ" ಅಂತ ಬರೆದಿದೆಯಾ ಅಂತ ಮಾತ್ರ ನೋಡಿಕೊಳ್ಳಿ.

ಅಡ್ಡದಾರಿ:

ಇವರು ಹೇಳಿದ್ದೆಲ್ಲ ನಿಜ, ಒಂದು ಬಿಟ್ಟಿದ್ದಾರೆ: ಬೋರು! ಮೊಂತೆಶ್‌ನಿಂದ ತುಲೂಸ್‌ವರೆಗೆ ಸ್ಕೇಲಿಟ್ಟು ಗೆರೆ ಎಳೆದ ಹಾಗೆ ನೇರ. ಎರಡು ಕಡೆ ಮರ, ಒಂದು ಕಡೆ ನೀರು. ಒಂದು ಗಂಟೆ ಆದ ಮೇಲೆ ನಿಂತಲ್ಲೇ ಪೆಡಲ್ ತುಳಿದ ಹಾಗೆ ಅನಿಸುತ್ತೆ. ಬೋರ್ಡೋದಿಂದ ಶುರು ಮಾಡಿದ್ದರೆ ರೋಜೆ ಲಾಪೆಬಿ ಹೆಸರಿನ ದಾರಿ ಸಿಗ್ತಿತ್ತು. 1937ರ ಟೂರ್ ದ ಫ್ರಾನ್ಸ್ ಸೈಕಲ್ ರೇಸ್ ಗೆದ್ದವನು. ಹಳೇ ರೈಲು ದಾರಿ, ದ್ರಾಕ್ಷಿ ತೋಟ, ಒಂದು ಸುರಂಗ ಬೇರೆ.

ಗರೋನ್ ದಂಡೆ:

ಅದು ಚೆಂದದ ದಾರಿ, ಒಪ್ಪಿದೆ. ಆದರೆ ಸೋವ್ತೆರ್‌ನಲ್ಲಿ ಮುಗಿದ ಮೇಲೆ ಕಾಲುವೆ ತನಕ ದಿಬ್ಬ ಹತ್ತಿ ಇಳಿಯೋ ಹಳ್ಳಿ ರಸ್ತೆ ಇದೆಯಲ್ಲ, ಕಾರೂ ಇರುತ್ತೆ. ಅಮ್ಮನ ಕರಾರು ಅಲ್ಲೇ ಮುರೀತು. ಇನ್ನು ಬೋರು ಅಂದಿರಿ. ಸೆಪ್ಟೆಂಬರ್ ಬಿಸಿಲಲ್ಲಿ ಆ ಎರಡು ಸಾಲು ಮರದ ಬೋರು ನನಗೆ ದಿನಾ ಇರಲಿ.

ಮಂಗಳೂರು ಬನ್ಸ್:

ನಾವು ಲಿಯೋನ್‌ನಲ್ಲಿರುವುದು. ಚಿಕ್ಕ ಮಕ್ಕಳಿರುವವರು ಯಾರಾದರೂ ಈ ಚರ್ಚೆ ಓದುತ್ತಿದ್ದರೆ ಬರ್ಗಂಡಿಯ ಕ್ಲೂನಿಯಿಂದ ಜಿವ್ರಿಗೆ ಹೋಗಿ, 44 ಕಿ.ಮೀ. ಫ್ರಾನ್ಸ್‌ನ ಮೊದಲ ವುವಾ ವೆರ್ತ್ ಅದೇ ಮಾರಾಯ್ರೆ, 1997ರದ್ದು. ರೈಲು ಕಂಬಿ ತೆಗೆದು ಮಾಡಿದ್ದು, ಹಾಗಾಗಿ ಏರು ಇದ್ದರೂ ಗೊತ್ತಾಗುವುದಿಲ್ಲ. ಕ್ಲೂನಿಯಿಂದ ಮಾಕೋನ್ ಕಡೆಗೆ ಹೋದರೆ 1.6 ಕಿ.ಮೀ. ಸುರಂಗ ಉಂಟು. ಚಳಿಗಾಲದಲ್ಲಿ ಬಾವಲಿಗಳಿಗೆ ತೊಂದರೆ ಆಗಬಾರದು ಅಂತ ಮುಚ್ಚಿಡುತ್ತಾರೆ. ಬೇಸಿಗೆಯಲ್ಲೂ ಒಳಗೆ ಫ್ರಿಜ್‌ನ ಹಾಗೆ, ಸ್ವೆಟರ್ ಬೇಕು. 12 ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯ. ದೊಡ್ಡವರಿಗೆ ಕಾನೂನು ಇಲ್ಲ, ಆದರೂ ಹಾಕಿ ಸರ್.

ನಾಲೆ ಏರಿ ಮಂಡ್ಯ:

ಎಲ್ಲರಿಗೂ ಧನ್ಯವಾದ. ಗರೋನ್ ದಂಡೆಯವರೇ, ನೀನು ನನ್ನ ಮಗಳ ವಯಸ್ಸಿನವಳಿರಬೇಕು, ಅಮ್ಮಾ ಅಂತಲೇ ಕರೆಯುತ್ತೇನೆ. ಮೇಲ್ಗಾಲುವೆ ಸುದ್ದಿ ಓದಿದ ಮೇಲೆ ನನಗೆ ನಿದ್ದೆ ಇಲ್ಲ. ಎರಡು ಪ್ರಶ್ನೆ. ಏರಿ ಅಂಚಿಗೆ ತಡೆಗೋಡೆ ಇದೆಯಾ? ನಮ್ಮ ನಾಲೆಗೆ ಗಾಡಿ ಬಿದ್ದ ಸುದ್ದಿ ಓದಿ ಓದಿ ಮನೆಯವರು ಹೆದರಿದ್ದಾರೆ. ಎರಡನೆಯದು, ಮಿದಿ ಕಾಲುವೆಗೆ ನೀರು ಎಲ್ಲಿಂದ? ಎರಡೂ ಕಡೆ ಇಳಿಯುವ ಕಾಲುವೆಗೆ ನೆತ್ತಿಯಲ್ಲಿ ನೀರು ತುಂಬಿಸಲೇಬೇಕು.

ಗರೋನ್ ದಂಡೆ:

ತಡೆಗೋಡೆ ಇಲ್ಲ ಸರ್. ದಾರಿಗೂ ನೀರಿಗೂ ಮಧ್ಯೆ ಸ್ವಲ್ಪ ಹುಲ್ಲು, ಅಷ್ಟೆ. ಸೇತುವೆಗಳ ಕೆಳಗೆ ಅದೂ ಇಲ್ಲ, ದಾರಿ ಕಿರಿದಾಗಿ ತಿರುಗುತ್ತೆ. ಅಲ್ಲಿ ಬೆಲ್ ಹೊಡೆದು ನಿಧಾನ ಹೋಗಬೇಕು. ಸೈಕಲ್‌ಗೆ ಬೆಲ್ ಇರಲೇಬೇಕು ಅಂತ ಕಾನೂನೂ ಇದೆ.

ನೀರಿನ ಪ್ರಶ್ನೆ ಕೇಳಿದ್ದು ಒಳ್ಳೇದಾಯ್ತು. ನೋರೂಜ್ ಅನ್ನೋ ಕಣಿವೆ ನೆತ್ತಿ, ಸಮುದ್ರಮಟ್ಟದಿಂದ 189 ಮೀಟರ್. ಅಲ್ಲಿಂದ ಒಂದು ಕಡೆ ನೀರು ಅಟ್ಲಾಂಟಿಕ್‌ಗೆ, ಇನ್ನೊಂದು ಕಡೆ ಮೆಡಿಟರೇನಿಯನ್‌ಗೆ. ಈ ಕಾಲುವೆ ಕಟ್ಟಿಸಿದವನು ಪಿಯೇರ್ ಪೋಲ್ ರಿಕೆ ಅಂತ, ಉಪ್ಪಿನ ತೆರಿಗೆ ವಸೂಲಿ ಮಾಡ್ತಿದ್ದ ಮನುಷ್ಯ, ಎಂಜಿನಿಯರ್ ಅಲ್ಲವೇ ಅಲ್ಲ. ಕಪ್ಪುಬೆಟ್ಟದ ಹಳ್ಳಗಳ ನೀರನ್ನ ಸ್ಯಾಂ ಫೆರಿಯೋಲ್‌ನಲ್ಲಿ ಅಣೆಕಟ್ಟು ಕಟ್ಟಿ ಹಿಡಿದು, ತೋಡುಗಾಲುವೆಯಲ್ಲಿ ನೋರೂಜ್‌ಗೆ ತಂದ. ಕಾಲುವೆ ಶುರುವಾಗೋಕೆ ಕೆಲವೇ ತಿಂಗಳು ಮುಂಚೆ, 1680ರಲ್ಲಿ, ತೀರಿಕೊಂಡ.

ವಿಲ್‌ಫ್ರಾಂಶ್‌ವರೆಗೆ ರೈಲಿನಲ್ಲಿ ಹೋಗಿ, ಕಾಲುವೆಗಿಳಿದು ನೋರೂಜ್ ನೋಡಿಕೊಂಡು ಸಂಜೆ ವಾಪಸ್ ಬರಬಹುದು. ಆ ದಿನ ಅಮ್ಮನ್ನ ಮಗಳ ಮನೇಲಿ ಬಿಟ್ಟು ಹೋಗಿ. ಮೊಂತೆಶ್‌ನಲ್ಲೂ ನಿಮಗೊಂದು ಆಟಿಕೆ ಇದೆ: ನೀರಿನ ಜಾರುಬಂಡೆ. 1974ರದ್ದು. ಎರಡು ಡೀಸೆಲ್ ಎಂಜಿನ್ ಸೇರಿ ದೋಣಿಯನ್ನ ಅದರ ನೀರಿನ ಸಮೇತ ಇಳಿಜಾರಿನ ಮೇಲೆ ತಳ್ಳಿಕೊಂಡು ಹೋಗ್ತಿದ್ದವು, ಐದು ಲಾಕ್ ಗೇಟ್ ಉಳೀತಿತ್ತು. ಈಗ ದೋಣಿ ಹತ್ತಿಸಲ್ಲ, ಆದರೆ ನೋಡಬಹುದು. 21 ಕಿ.ಮೀ. ದಿನ ಯಾಕಿಟ್ಟೆ ಅಂದುಕೊಂಡಿರಿ?

ನಾಲೆ ಏರಿ ಮಂಡ್ಯ:

ಮನೆಯವರಿಗೆ ಎಲ್ಲ ಓದಿ ಹೇಳಿದೆ. ದ್ರಾಕ್ಷಿಗೆ ಒಪ್ಪಿದ್ದಾರೆ. ನೋರೂಜ್‌ಗೂ ಬರುತ್ತಾರಂತೆ, ಬಿಟ್ಟು ಹೋಗುವ ಮಾತೇ ಇಲ್ಲ. ಸ್ಮಶಾನದ ನಲ್ಲಿಗೆ ಮಾತ್ರ ಸಾಧ್ಯವಿಲ್ಲ ಎಂದರು. ಒಬ್ಬೊಬ್ಬರಿಗೆ ಮೂರು ಬಾಟಲಿ ನೀರು ಹೊರಲು ಆಗುವ ಕ್ಯಾರಿಯರ್ ಚೀಲ ಬಾಡಿಗೆ ಸೈಕಲ್ ಜೊತೆಗೇ ಕೊಡುತ್ತಾರಾ, ಇಲ್ಲ ಬೆಂಗಳೂರಿನಿಂದಲೇ ತರಬೇಕಾ?