ಯೀಸ್ಟ್ ಹಾಕಿ ಗುಳ್ಳೆ ಏಳುವ ತನಕದ ಹೊತ್ತಿಗೆ ಏನನ್ನೋಣ?

ಎಲ್ಲರಿಗೂ ಉಡುಪಿಯಿಂದ ನಮಸ್ಕಾರ.

ಅಕ್ಕನ ಮಗ ಜರ್ಮನಿಯಲ್ಲಿದ್ದಾನೆ, ಅವನಿಗೆ ಮನೆಯಲ್ಲೇ ಬಿಯರ್ ಮಾಡುವ ಹುಚ್ಚು. ಕಳೆದ ವಾರ ನಮ್ಮ ಅಮ್ಮನಿಗೆ ಫೋನ್ ಮಾಡಿ ಗೋಳು ಹೇಳಿಕೊಂಡ. "ಅಜ್ಜಿ, ನಿನ್ನೆ ಬೆಳಿಗ್ಗೆ ಯೀಸ್ಟ್ ಹಾಕಿದ್ದು, ಇನ್ನೂ ಎಂತ ಸಾ ಆಗಿಲ್ಲ." ಅಮ್ಮ ಇಡ್ಲಿ ಹಿಟ್ಟಿನ ಲೆಕ್ಕದಲ್ಲೇ ಉತ್ತರ ಕೊಟ್ಟರು. "ಅಲ್ಲಿ ಚಳಿ ಅಲ್ವಾ ಮಾರಾಯ, ಬೆಚ್ಚಗೆ ಮುಚ್ಚಿಡು, ಹುಳಿ ಬರ್ತದೆ." ಅವನು ಹೌಹಾರಿದ. "ಅಯ್ಯೋ ಅಜ್ಜಿ, ಹುಳಿ ಬಂದ್ರೆ ಇಪ್ಪತ್ತು ಲೀಟರ್ ಚರಂಡಿಗೆ!"

ನೋಡಿ, ಅಮ್ಮ ಹೇಳಿದ ಮದ್ದು ಸರಿ, ಮಾತು ಮಾತ್ರ ತಪ್ಪು. ನೆಲಮಾಳಿಗೆಯಲ್ಲಿ 14 ಡಿಗ್ರಿ ಇತ್ತಂತೆ, ಅವನು ಹಾಕಿದ ಏಲ್ ಯೀಸ್ಟಿಗೆ (ಏಲ್ ಅಂದರೆ ಬಿಯರಿನ ಒಂದು ಬಗೆ) 18ರಿಂದ 22 ಬೇಕು. ಡಬ್ಬವನ್ನು ಮೇಲಿನ ಕೋಣೆಗೆ ತಂದಿಟ್ಟ, ಮರುದಿನ ನೊರೆ ಎದ್ದಿತು. ಆದರೆ ನಮ್ಮ ಮನೆಗಳಲ್ಲಿ ಹಿಟ್ಟು ಹುದುಗುವುದಕ್ಕೆ ಇರುವ ಮಾತು 'ಹುಳಿ ಬರುವುದು'. ಬಿಯರಿಗೆ ಅದನ್ನೇ ಹೇಳಿದರೆ ಕೆಟ್ಟುಹೋಯಿತು ಅಂತ ಅರ್ಥ.

ನನ್ನ ಪ್ರಶ್ನೆ ಇಷ್ಟೇ. ಯೀಸ್ಟ್ ಹಾಕಿದ ಮೇಲೆ 6 ಗಂಟೆಯಿಂದ ಒಂದು ದಿನದವರೆಗೆ, ಕೆಲವು ಸಲ ಅದಕ್ಕಿಂತ ಜಾಸ್ತಿ, ಹೊರಗೆ ಏನೂ ಕಾಣುವುದಿಲ್ಲವಲ್ಲ, ಆ ಹೊತ್ತಿಗೆ ಕನ್ನಡದಲ್ಲಿ ಏನನ್ನಬೇಕು? ಇಂಗ್ಲಿಷಿನವರು ಲ್ಯಾಗ್ ಅನ್ನುತ್ತಾರೆ. ನಾವು ಅದನ್ನು 'ವಿಳಂಬ ಹಂತ' ಮಾಡಿದರೆ ನನಗೆ ಸರಿ ಕಾಣುವುದಿಲ್ಲ, ಯಾಕಂದ್ರೆ ಅಲ್ಲಿ ಯಾವುದೂ ತಡವಾಗುತ್ತಿಲ್ಲ. ಯೀಸ್ಟ್ ಆಗ ಬಾರ್ಲಿ ರಸದಲ್ಲಿರುವ ಆಮ್ಲಜನಕ ಹೀರಿಕೊಂಡು, ಮೈ ಗಟ್ಟಿ ಮಾಡಿಕೊಂಡು, ಒಂದು ಎರಡಾಗಿ ಎರಡು ನಾಲ್ಕಾಗಿ ಬೆಳೆಯಲು ಅಣಿಯಾಗುತ್ತಿರುತ್ತದೆ (ಅದಕ್ಕೇ ರಸ ತಣಿದ ಮೇಲೆ ಚೆನ್ನಾಗಿ ಕುಲುಕಿ ಗಾಳಿ ಸೇರಿಸುವುದು). 'ತಡ' ಅಂದ ಕೂಡಲೇ ಹೊಸಬರು ಗಾಬರಿಯಾಗಿ ಇನ್ನೊಂದು ಪೊಟ್ಟಣ ಸುರಿಯುತ್ತಾರೆ. ಕೆಲವು ಸಲ ಮುಚ್ಚಳದ ಸಂದಿಯಿಂದ ಗಾಳಿ ಹೋಗುತ್ತಿರುತ್ತದೆ, ಹಾಗಾಗಿ ಒಳಗಿನ ಗಾಳಿಯನ್ನು ಹೊರಬಿಡುವ ನೀರಿನ ಕೊಳವೆಯಾದ ಏರ್‌ಲಾಕಿನಲ್ಲಿ ಗುಳ್ಳೆ ಇಲ್ಲ, ಒಳಗೆ ಕೆಲಸ ನಡೆದೇ ಇದೆ. ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸಿ ನೋಡಿದರೆ 1.050 ಇದ್ದದ್ದು 1.042 ಆಗಿರುತ್ತದೆ, ಅಂದರೆ ಸಕ್ಕರೆ ಖರ್ಚಾಗುತ್ತಿದೆ.

'ಹುದುಗು' ನನಗೆ ಇಷ್ಟ. ಅಡಗಿಕೊಂಡಿರು ಅಂತಲೂ ಅರ್ಥ ಉಂಟು, ಹಿಟ್ಟು ಹುದುಗು ಬಂತು ಅಂತಲೂ ಹೇಳುತ್ತೇವೆ. ಆದರೆ ಇಡೀ ಕೆಲಸಕ್ಕೆ ಹುದುಗುವಿಕೆ ಅಂದುಬಿಟ್ಟಿದ್ದೇವೆ, ಅದರ ಮೊದಲ ತುಂಡಿಗೂ ಅದನ್ನೇ ಬಳಸಿದರೆ ಗೊಂದಲ.

ಕಿಣ್ವ? ಅದು ಈಗ ಶಾಲೆಯ ವಿಜ್ಞಾನ ಪಾಠದಲ್ಲಿ ಎನ್‌ಜೈಮ್ ಆಗಿ ಕೂತಿದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಿಣ್ವ ಅಂದರೆ ಮದ್ಯಕ್ಕೆ ಹಾಕುವ ಹೆಪ್ಪು. ಅದನ್ನು ಮಾಡಲು ಹೇಳಿದ್ದು ರುಬ್ಬಿದ ಉದ್ದು, ಅಕ್ಕಿ, ಜೊತೆಗೆ ಒಂದಿಷ್ಟು ಮೂಲಿಕೆ. ಮೂಲಿಕೆ ಬಿಟ್ಟರೆ ಅಮ್ಮನ ಇಡ್ಲಿ ಹಿಟ್ಟೇ! ತಮಾಷೆ ಅಂದ್ರೆ ಎನ್‌ಜೈಮ್ ಅನ್ನುವ ಹೆಸರಿಗೂ ಗ್ರೀಕಿನಲ್ಲಿ 'ಯೀಸ್ಟಿನ ಒಳಗೆ' ಅಂತಲೇ ಅರ್ಥ, ಜರ್ಮನಿಯ ವಿಜ್ಞಾನಿ ಕ್ಯೂನೆ 1870ರ ದಶಕದಲ್ಲಿ ಇಟ್ಟದ್ದು. ಹಾಗಾಗಿ ನಮ್ಮವರು ಆರಿಸಿದ್ದು ತಪ್ಪಲ್ಲ, ಯೀಸ್ಟಿಗೆ ಪದ ಇಲ್ಲದೆ ಹೋಯಿತು ಅಷ್ಟೇ.

ಕಳ್ಳು ಇಳಿಸುವ ಮೂರ್ತೆದಾರರ ಮಾತಿನಲ್ಲಿ ಇರಬಹುದು ಅಂದುಕೊಂಡಿದ್ದೆ. ಆಮೇಲೆ ಹೊಳೆಯಿತು, ಅವರಿಗೆ ಈ ಕಾಯುವ ಹೊತ್ತೇ ಇಲ್ಲ. ರಸ ಮರದ ಮೇಲಿನ ಮಡಕೆಯಲ್ಲೇ ಹುದುಗಲು ಶುರು, ಸಿಹಿಯಾಗಿಯೇ ಬೇಕಾದರೆ ಸುಣ್ಣ ಬಳಿದು ತಡೆಯಬೇಕು.

ಸದ್ಯಕ್ಕೆ ನನ್ನ ಆಯ್ಕೆ 'ಹಿಡಿಯುವುದು'. ನೆಟ್ಟ ಅಡಿಕೆ ಸಸಿ ಹಿಡಿಯಿತಾ, ಕಸಿ ಹಿಡಿಯಿತಾ ಅಂತ ಕೇಳುತ್ತೇವಲ್ಲ, ಹಾಗೆ. ಯೀಸ್ಟ್ ಹಾಕುವುದಕ್ಕೆ 'ಹೆಪ್ಪು ಹಾಕುವುದು', ಸುಮ್ಮನಿರುವಾಗ 'ಇನ್ನೂ ಹಿಡಿದಿಲ್ಲ', ನೊರೆ ಬಂದಾಗ 'ಎದ್ದಿತು'. ಆದರೆ 'ಹಿಡಿಯುವ ಹೊತ್ತು' ಅಂತ ನಾಮಪದ ಮಾಡಿದರೆ ಸ್ವಲ್ಪ ಕೃತಕ ಅನಿಸುತ್ತದಾ?

ಮಂಗಳೂರಿನ ಕೊಂಕಣಿ ಗೆಳೆಯರು ಇದ್ದರೆ ಇನ್ನೊಂದು ಕೇಳಬೇಕು. ಮೊದಲು ಸಾನ್ನಾಂ (ಇಡ್ಲಿಯಂಥ ತಿಂಡಿ) ಹಿಟ್ಟಿಗೆ ಕಳ್ಳು ಹಾಕುತ್ತಿದ್ದರು, ಈಗ ಹೆಚ್ಚಿನವರು ಯೀಸ್ಟ್. ಮಳೆಗಾಲದಲ್ಲಿ ಆ ಹಿಟ್ಟು ಏಳದೆ ಕೂತರೆ ನಿಮ್ಮ ಮನೆಯಲ್ಲಿ ಏನನ್ನುತ್ತಾರೆ?