ಸಬ್‌ವೂಫರ್ ಗುಂಯ್‌ಗುಡುತ್ತೆ, ಪೆಟ್ಟು ಕೇಳಿಸಲ್ಲ

ಮಡಿಕೇರಿಯವ:
ಹಳೇ ಹೆಂಚಿನ ಮನೆ, ಹಾಲ್ 16 ಅಡಿ ಉದ್ದ, ಮೇಲೆ ಮರದ ಅಟ್ಟ. 10 ಇಂಚಿನ ಸಬ್‌ವೂಫರ್ (ತಗ್ಗು ಸ್ವರಕ್ಕೆಂದೇ ಇರೋ ಸ್ಪೀಕರ್) ತಂದು ಮೂಲೆಯಲ್ಲಿಟ್ಟಿದ್ದೇನೆ. ತಬಲಾ ಹಾಕಿದರೆ ಡಗ್ಗಾದ (ಎಡಗೈಯ ದೊಡ್ಡ ತಬಲಾ) ಪೆಟ್ಟೇ ಗೊತ್ತಾಗಲ್ಲ, ಬರೀ ಗುಂಯ್ ಅಂತ ಎಳೆಯುತ್ತೆ. ಅಟ್ಟದ ಹಿತ್ತಾಳೆ ಹಂಡೆ ನಡುಗುತ್ತೆ. ಕ್ರಾಸ್‌ಓವರ್, ಅಂದರೆ ಎಷ್ಟು ಹರ್ಟ್ಜ್‌ಗಿಂತ ಕೆಳಗಿನ ಸ್ವರ ಸಬ್‌ಗೆ ಹೋಗಬೇಕು ಅನ್ನೋ ಗಡಿ, 120ರಲ್ಲಿದೆ, ಎಷ್ಟಕ್ಕೆ ಇಳಿಸಲಿ?

ಕುಶಾಲನಗರದಿಂದ:
80 ಹರ್ಟ್ಜ್. 120ರಲ್ಲಿಟ್ಟರೆ ಗಂಡಸರ ದನಿಯ ತಳಭಾಗವೂ ಸಬ್‌ಗೆ ಹೋಗಿ, ಹಾಡುವವರು ಮೂಲೆಯಲ್ಲಿ ಕೂತ ಹಾಗೆ ಕೇಳಿಸುತ್ತೆ. ರಿಸೀವರ್‌ನಲ್ಲಿ (ಸ್ಪೀಕರ್‌ಗಳಿಗೆಲ್ಲ ಶಬ್ದ ಹಂಚೋ ಪೆಟ್ಟಿಗೆ) ಸ್ಪೀಕರ್ 'ಸ್ಮಾಲ್' ಮಾಡಿ, ಆಗ ತಗ್ಗು ಸ್ವರ ಸಬ್‌ಗೆ ಹೋಗುತ್ತೆ; ಅಲ್ಲೇ 80 ಇಡಿ, ಸಬ್‌ನ ಹಿಂದಿರುವ ಕ್ರಾಸ್‌ಓವರ್ ನಾಬ್ ಪೂರ್ತಿ ಏರಿಸಿಬಿಡಿ. ಎರಡೂ ಕಡೆ ಕತ್ತರಿಸಿದರೆ ಮಧ್ಯದ ಸ್ವರ ಸೊರಗುತ್ತೆ.

ವಿರಾಜಪೇಟೆ:
80 ಸರಿ, ಆದರೆ ಗುಂಯ್ ಹೋಗಲ್ಲ. 16 ಅಡಿ ಅಂದರೆ ಸುಮಾರು 4.9 ಮೀಟರ್. ಶಬ್ದ ಸೆಕೆಂಡಿಗೆ 343 ಮೀಟರ್ ಓಡುತ್ತೆ. ಆ ಲೆಕ್ಕದಲ್ಲಿ ನಿಮ್ಮ ಎರಡು ಗೋಡೆಗಳ ನಡುವೆ 35 ಹರ್ಟ್ಜ್ ಸುತ್ತ, ಮತ್ತೆ 70ರ ಸುತ್ತ ಸ್ವರ ಊದಿಕೊಳ್ಳುತ್ತೆ. ಮೂಲೆಯಲ್ಲಿಟ್ಟರಂತೂ ಅದಕ್ಕೆ ಪೂರ್ತಿ ಬಲ. ಸೋಫಾ ಗೋಡೆಗೆ ತಾಗಿದೆಯಾ?

ಮಡಿಕೇರಿಯವ:
ತಾಗಿದೆ ಸರ್.

ವಿರಾಜಪೇಟೆ:
ಎರಡು ಅಡಿ ಮುಂದೆ ಎಳೀರಿ. ಆಮೇಲೆ ಸಬ್ಬನ್ನು ನೀವು ಕೂರೋ ಜಾಗದಲ್ಲಿಟ್ಟು, ಅದೇ ತಬಲಾ ಹಾಕಿ, ಗೋಡೆ ಪಕ್ಕ ಮಂಡಿಯೂರಿ ನಡೀತಾ ಕೇಳಿ. ಪೆಟ್ಟು ಬಿಡಿಬಿಡಿಯಾಗಿ ಕೇಳಿಸಿದ ಕಡೆ ಸಬ್ ಇಡಿ. ದಯವಿಟ್ಟು ನಾಬ್ ಮುಟ್ಟೋ ಮೊದಲೇ ಇದನ್ನು ಮಾಡಿ.

ಸೋಮವಾರಪೇಟೆ:
ಅಷ್ಟೆಲ್ಲ ಯಾಕಣ್ಣ? ನಮ್ಮದು ಮೂಲೆಯಲ್ಲೇ ಇದೆ, ವಾಲ್ಯೂಮ್ ಇಳಿಸಿದೆ, ಆಂಪ್ಲಿಫೈಯರ್‌ಗೂ ಶ್ರಮ ಕಮ್ಮಿ. ಆದರೆ ಮಳೆ ಹೊಡೀವಾಗ ಲೆವೆಲ್ ಸೆಟ್ ಮಾಡಬೇಡಿ. ಕಕ್ಕಡ ತಿಂಗಳ ಮಳೆಯಲ್ಲಿ ಶೀಟಿನ ಮೇಲಿನ ಸದ್ದಿಗೆ ಏನೂ ಕೇಳಿಸ್ತಿಲ್ಲ ಅಂತ ಏರಿಸುತ್ತಾ ಹೋದೆ. ರಾತ್ರಿ ಮಳೆ ನಿಂತಾಗ ಕಿಟಕಿ ಗಾಜೆಲ್ಲ ಗಡಗಡ, ಮಲಗಿದ್ದ ಅಮ್ಮ ಎದ್ದು ಕೂತರು.

ವಿರಾಜಪೇಟೆ:
ಮಳೆ ವಿಷಯ ನೂರಕ್ಕೆ ನೂರು ನಿಜ. ವಾಲ್ಯೂಮ್ ಇಳಿಸೋದು ಒಪ್ಪಲ್ಲ. ಇಳಿಸಿದರೆ ಎಲ್ಲ ಸ್ವರವೂ ಇಳಿಯುತ್ತೆ, ಊದಿದ ಸ್ವರ ಉಳಿದವಕ್ಕಿಂತ ಅಷ್ಟೇ ಎತ್ತರದಲ್ಲಿರುತ್ತೆ.

ಸೋಮವಾರಪೇಟೆ:
ನನ್ನ ಕಿವಿಗೆ ಸಾಕಾಗಿದೆ.

ಮಡಿಕೇರಿಯವ:
ಮಾಡಿದೆ. ಅಡುಗೆಮನೆ ಬಾಗಿಲ ಪಕ್ಕ, ಮೂಲೆಯಿಂದ ಐದು ಅಡಿ ಈಚೆ ಜಾಗ ಸಿಕ್ಕಿತು. ಡಗ್ಗಾದ ಮೇಲೆ ಅಂಗೈ ಒತ್ತಿದಾಗ ಸ್ವರ ಮೇಲೇರೋದು ಈಗ ಸ್ಪಷ್ಟ! ಹಂಡೆಯಡಿಗೆ ಗೋಣಿಚೀಲ ಮಡಚಿ ಹಾಕಿದೆ. ಸಬ್‌ನ ಅಲೆಯನ್ನು ಸ್ಪೀಕರ್ ಅಲೆಗೆ ಹೊಂದಿಸೋ ಫೇಸ್ ಸ್ವಿಚ್ 0 ಡಿಗ್ರಿಯಲ್ಲೇ ಇರಲಾ, 180ಕ್ಕೆ ಹಾಕಲಾ?

ಕುಶಾಲನಗರದಿಂದ:
ಸ್ಪೀಕರ್, ಸಬ್ ಎರಡೂ ಆನ್ ಇಟ್ಟು 80 ಹರ್ಟ್ಜ್ ಟೋನ್ ಹಾಕಿ. ಮನೆಯವರು ಯಾರಾದರೂ ಸ್ವಿಚ್ ಬದಲಿಸಲಿ, ನೀವು ಸೋಫಾ ಬಿಟ್ಟು ಏಳಬೇಡಿ. ಯಾವುದರಲ್ಲಿ ಜೋರು ಕೇಳಿಸುತ್ತೋ ಅಲ್ಲೇ ಬಿಡಿ.