ತಣ್ಣಗಿದ್ದಾಗ ಸ್ಟಾರ್ಟ್ ಆಗದ ಔಟ್‌ಬೋರ್ಡ್ ಎಂಜಿನ್: ಮೊದಲು ಎಲ್ಲಿ ನೋಡಬೇಕು?

ಪ್ರಶ್ನೆ

ನಮಸ್ಕಾರ ಸರ್. ನನ್ನದು ದೋಣಿಯ ಹಿಂದೆ ಕೂರಿಸುವ 15 ಎಚ್‌ಪಿ ಟೂ-ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್. ಎರಡು ಸಿಲಿಂಡರ್, ಒಂದೇ ಕಾರ್ಬುರೇಟರ್, ಹಗ್ಗ ಎಳೆದು ಸ್ಟಾರ್ಟ್ ಮಾಡುವಂಥದ್ದು. ಕೆಲವು ತಿಂಗಳು ದೋಣಿ ನೀರಿಗೆ ಇಳಿಸಿರಲಿಲ್ಲ. ಈಗ ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡುವಷ್ಟರಲ್ಲಿ ಭುಜ ಬಿದ್ದುಹೋಗುತ್ತದೆ. ಹೇಗೋ ಸ್ಟಾರ್ಟ್ ಆದರೂ ಚೋಕ್ ಒಳಗೆ ತಳ್ಳಿದ ಕೂಡಲೇ ಆಫ್. ಚೋಕ್ ಅರ್ಧ ಎಳೆದಿಟ್ಟರೆ ಮಾತ್ರ ಓಡುತ್ತದೆ. ಫುಲ್ ಥ್ರಾಟಲ್‌ನಲ್ಲಿ ಏನೂ ತೊಂದರೆ ಇಲ್ಲ, ಪಿಕಪ್ ಚೆನ್ನಾಗಿದೆ. ಬಿಸಿ ಆದ ಮೇಲೆ ಒಂದೇ ಎಳೆತಕ್ಕೆ ಸ್ಟಾರ್ಟ್. ಪ್ಲಗ್ ಎರಡೂ ಹೊಸದು ಹಾಕಿದೆ, ವ್ಯತ್ಯಾಸ ಇಲ್ಲ. ಗೊತ್ತಿರುವವರೊಬ್ಬರು ಸಿಡಿಐ (ಪ್ಲಗ್‌ಗೆ ಕಿಡಿ ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಹೋಗಿದೆ, ಬದಲಾಯಿಸಿ ಅಂದರು. ದುಬಾರಿ ಸಾಮಾನು ಅಲ್ವಾ, ಅದಕ್ಕೇ ಕೇಳುತ್ತಿದ್ದೇನೆ. ತರಿಸಲಾ?

ಮೆಕ್ಯಾನಿಕ್

ಬೇಡ, ಈಗಲೇ ತರಿಸಬೇಡಿ. ನೀವು ಬರೆದಿರುವುದರಲ್ಲೇ ಅರ್ಧ ಉತ್ತರ ಇದೆ. ಚೋಕ್ ಅರ್ಧ ಎಳೆದಿಟ್ಟರೆ ಓಡುತ್ತದೆ, ತಳ್ಳಿದರೆ ಆಫ್ ಆಗುತ್ತದೆ ಅಂದಿರಿ. ಚೋಕ್ ಮಾಡುವ ಕೆಲಸ ಏನು? ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಜಾಸ್ತಿ ಎಳೆಸುವುದು. ಅಂದರೆ ನಿಮ್ಮ ಎಂಜಿನ್‌ಗೆ ಸ್ಲೋ ಸ್ಪೀಡ್‌ನಲ್ಲಿ ಪೆಟ್ರೋಲ್ ಸಾಲುತ್ತಿಲ್ಲ. ಥ್ರಾಟಲ್ ತೆರೆದಾಗ ಕಾರ್ಬುರೇಟರ್‌ನ ಮೇನ್ ಜೆಟ್‌ನಿಂದ, ಅಂದರೆ ಪೆಟ್ರೋಲ್ ಅಳೆದು ಬಿಡುವ ದೊಡ್ಡ ತೂತಿನಿಂದ, ಪೆಟ್ರೋಲ್ ಬರುತ್ತದೆ, ಆಗ ಸರಿಯಾಗಿ ಓಡುತ್ತದೆ. ಸ್ಟಾರ್ಟಿಂಗ್‌ಗೂ ಐಡಲಿಂಗ್‌ಗೂ ಬೇಕಾದದ್ದು ಸ್ಲೋ ಜೆಟ್. ಅದರ ತೂತು ಕೂದಲಿನಷ್ಟು ಸಣ್ಣ. ಪೆಟ್ರೋಲ್ ತಿಂಗಳುಗಟ್ಟಲೆ ನಿಂತರೆ ಮೊದಲು ಕಟ್ಟಿಕೊಳ್ಳುವುದೂ ಅದೇ.

ಸಿಡಿಐ ಆಗಿದ್ದರೆ ಕತೆ ಬೇರೆ ಇರುತ್ತಿತ್ತು. ಸಾಮಾನ್ಯವಾಗಿ ಎಲೆಕ್ಟ್ರಿಕ್ ಭಾಗಗಳು ಬಿಸಿ ಆದಾಗ ಕೈಕೊಡುತ್ತವೆ, ಅಥವಾ ಜೋರಾಗಿ ಹೋಗುವಾಗ ಮಿಸ್ಸಿಂಗ್ ತೋರಿಸುತ್ತವೆ. ಕಿಡಿಗೆ ಕರೆಂಟ್ ಹುಟ್ಟಿಸುವ ಸ್ಟೇಟರ್ ಕಾಯಿಲ್ ದುರ್ಬಲವಾಗಿದ್ದರೆ ಹಗ್ಗ ಎಳೆಯುವ ವೇಗಕ್ಕೆ ಕಿಡಿ ಸಾಲದೆ ಸ್ಟಾರ್ಟಿಂಗ್ ಕಷ್ಟ ಆಗುವುದುಂಟು, ನಿಜ. ಆದರೆ ಆಗ ಚೋಕ್‌ಗೂ ಎಂಜಿನ್ ಆಫ್ ಆಗುವುದಕ್ಕೂ ಇಷ್ಟು ನೇರ ಸಂಬಂಧ ಇರುವುದಿಲ್ಲ.

ಹಾಗಂತ ಸೀದಾ ಕಾರ್ಬುರೇಟರ್ ಬಿಚ್ಚಲು ಹೋಗಬೇಡಿ. ಖರ್ಚಿಲ್ಲದ ಕೆಲಸ ಮೊದಲು. ಗೇರ್ ನ್ಯೂಟ್ರಲ್‌ನಲ್ಲಿರಲಿ, ಕಿಲ್ ಸ್ವಿಚ್‌ನ ಕ್ಲಿಪ್ ಸರಿಯಾಗಿ ಕೂತಿರಲಿ. ಟ್ಯಾಂಕ್ ಮುಚ್ಚಳದ ಮೇಲಿನ ಗಾಳಿ ತಿರುಪು ತೆರೆದಿದೆಯಾ ನೋಡಿ. ಅದು ಮುಚ್ಚಿದ್ದರೆ ಟ್ಯಾಂಕ್‌ನಲ್ಲಿ ನಿರ್ವಾತ ಆಗಿ ಪೆಟ್ರೋಲ್ ಬರುವುದೇ ನಿಲ್ಲುತ್ತದೆ. ಆಮೇಲೆ ಪೈಪ್‌ನಲ್ಲಿರುವ ಪ್ರೈಮರ್ ಬಲ್ಬ್ (ಪೆಟ್ರೋಲ್ ತಳ್ಳುವ ರಬ್ಬರ್ ಉಂಡೆ) ಒತ್ತಿ. ಬಾಣದ ಗುರುತು ಎಂಜಿನ್ ಕಡೆಗಿರಬೇಕು. ಒತ್ತುವಾಗ ಬಾಣ ಮೇಲ್ಮುಖವಾಗಿ ಬರುವಂತೆ ಹಿಡಿಯಿರಿ. ಒಳಗಿನ ವಾಲ್ವ್‌ಗಳು ಹಾಗೆ ಹಿಡಿದಾಗಲೇ ಸರಿಯಾಗಿ ಕೂರುತ್ತವೆ. ಹಲವು ಸಲ ಒತ್ತಿದ ಮೇಲೆ ಬಲ್ಬ್ ಕೈಗೆ ಗಟ್ಟಿ ಸಿಗಬೇಕು. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಎಲ್ಲೋ ಏರ್ ಹಿಡಿಯುತ್ತಿದೆ, ಇಲ್ಲವೇ ಬಲ್ಬ್‌ನ ವಾಲ್ವ್ ಹೋಗಿದೆ ಅಂತ ಲೆಕ್ಕ.

ಇನ್ನೊಂದು ಮುಖ್ಯ ವಿಷಯ. ಹುಡ್ ತೆಗೆದು, ಕಾರ್ಬುರೇಟರ್ ಬಾಯಿಗೆ ಮುಚ್ಚಿರುವ ಏರ್ ಸೈಲೆನ್ಸರ್ ಬಿಚ್ಚಿ, ಚೋಕ್ ಎಳೆದಾಗ ಒಳಗಿನ ತಟ್ಟೆ ಪೂರ್ತಿ ಮುಚ್ಚುತ್ತದಾ ಅಂತ ಕಣ್ಣಾರೆ ನೋಡಿ. ಹೊರಗೆ ಗುಂಡಿ ಬಂದಿರುತ್ತದೆ, ಒಳಗೆ ಲಿಂಕ್ ಜಾರಿ ತಟ್ಟೆ ಓರೆಯಾಗಿ ನಿಂತಿರುತ್ತದೆ. ಇದನ್ನು ಸುಮಾರು ಜನ ನೋಡುವುದೇ ಇಲ್ಲ.

ಕೊನೆಗೆ, ಚೋಕ್ ಎಳೆದು ಐದಾರು ಸಲ ಹಗ್ಗ ಎಳೆದ ಮೇಲೆ ಪ್ಲಗ್ ಬಿಚ್ಚಿ ನೋಡಿ ಬರೆಯಿರಿ. ತುದಿ ಒದ್ದೆಯೋ, ಒಣಗಿದೆಯೋ? ಟ್ಯಾಂಕ್‌ನಲ್ಲಿರುವುದು ಹೊಸ ಪೆಟ್ರೋಲೋ, ಹಳೆಯದೋ?

ಪ್ರಶ್ನೆ ಕೇಳಿದವರು

ಸರ್, ಎಲ್ಲಾ ನೋಡಿದೆ. ಗಾಳಿ ತಿರುಪು ತೆರೆದೇ ಇದೆ. ಚೋಕ್ ತಟ್ಟೆ ಪೂರ್ತಿ ಮುಚ್ಚುತ್ತದೆ. ಬಲ್ಬ್ ಗಟ್ಟಿ ಆಗುತ್ತದೆ, ಆದರೆ ಎಂಜಿನ್ ಸ್ಟಾರ್ಟ್ ಮಾಡದೆ ಹಾಗೇ ಬಿಟ್ಟರೆ ಸ್ವಲ್ಪ ಹೊತ್ತಿಗೆ ಮೆತ್ತಗಾಗುತ್ತದೆ. ಪ್ಲಗ್ ಎರಡೂ ಒಣಗಿವೆ, ಪೆಟ್ರೋಲ್ ವಾಸನೆ ಕೂಡ ಇಲ್ಲ. ಪೆಟ್ರೋಲ್ ಹಳೆಯದೇ, ಮೂಗಿಗೆ ಹಿಡಿದರೆ ವಾರ್ನಿಶ್ ಥರ ಬರುತ್ತದೆ.

ಮೆಕ್ಯಾನಿಕ್

ಒಣ ಪ್ಲಗ್ ಅಂದರೆ ಸಿಲಿಂಡರ್‌ಗೆ ಪೆಟ್ರೋಲ್ ಹೋಗುತ್ತಿಲ್ಲ. ಸಿಡಿಐ ಮಾತು ಇಲ್ಲಿಗೆ ಬಿಡಿ.

ಮೊದಲು ಆ ಪೆಟ್ರೋಲ್ ಪೂರ್ತಿ ತೆಗೆಯಿರಿ. ಹೊಸದರ ಜೊತೆ ಬೆರೆಸಿ ಖರ್ಚು ಮಾಡೋಣ ಅನ್ನುವ ಆಸೆ ಬೇಡ. ಎಥನಾಲ್ ಬೆರೆಸಿದ ಪೆಟ್ರೋಲ್ ಗಾಳಿಯ ತೇವ ಹೀರುತ್ತದೆ. ನೀರು ಒಂದು ಮಿತಿ ದಾಟಿದರೆ ಎಥನಾಲ್ ಮತ್ತು ನೀರು ಸೇರಿ ತಳಕ್ಕೆ ಇಳಿಯುತ್ತವೆ. ಎಂಜಿನ್ ಎಳೆದುಕೊಳ್ಳುವುದು ತಳದಿಂದಲೇ. ಟೂ-ಸ್ಟ್ರೋಕ್‌ಗೆ ಇದು ಇನ್ನೂ ಕೆಟ್ಟದ್ದು. ಆಯಿಲ್ ಮೇಲಿನ ಪೆಟ್ರೋಲ್‌ನಲ್ಲೇ ಉಳಿಯುತ್ತದೆ, ತಳದ ದ್ರವದಲ್ಲಿ ಆಯಿಲ್ ಇರುವುದಿಲ್ಲ. ಅದನ್ನು ಕುಡಿದ ಎಂಜಿನ್‌ನ ಬೇರಿಂಗ್‌ಗೂ ಪಿಸ್ಟನ್‌ಗೂ ಏನು ಗತಿ?

ಕಾರ್ಬುರೇಟರ್ ತಳದಲ್ಲಿ ಡ್ರೇನ್ ತಿರುಪು ಇರುತ್ತದೆ. ಅದನ್ನು ಸಡಿಲಿಸಿ ಬೌಲ್‌ನಲ್ಲಿರುವುದನ್ನು (ಪೆಟ್ರೋಲ್ ನಿಲ್ಲುವ ತಳದ ಬಟ್ಟಲಿನಲ್ಲಿರುವುದನ್ನು) ಗಾಜಿನ ಬಾಟಲಿಗೆ ಇಳಿಸಿ, ಹತ್ತು ನಿಮಿಷ ಅಲ್ಲಾಡಿಸದೆ ಇಡಿ. ತಳದಲ್ಲಿ ಗುಂಡಗೆ ಉರುಳುವ ಹನಿಗಳು ಕಂಡರೆ ನೀರು. ಕಂದು ಪುಡಿ ಕಂಡರೆ ತುಕ್ಕು ಅಥವಾ ಗಟ್ಟಿಯಾದ ಹಳೆ ಪೆಟ್ರೋಲ್.

ಆಮೇಲೆ ಕಾರ್ಬುರೇಟರ್ ಇಳಿಸಿ. ಬಿಚ್ಚುವ ಮುಂಚೆ ಒಂದೆರಡು ಫೋಟೋ ತೆಗೆದಿಟ್ಟುಕೊಳ್ಳಿ, ಸ್ಪ್ರಿಂಗ್ ಮತ್ತು ಲಿಂಕ್ ಯಾವುದು ಎಲ್ಲಿತ್ತು ಅಂತ ಗೊತ್ತಿರಲಿ. ಐಡಲ್ ಮಿಕ್ಸ್ಚರ್ ತಿರುಪು (ಐಡಲಿಂಗ್‌ನ ಪೆಟ್ರೋಲ್-ಗಾಳಿ ಹದ ಮಾಡುವುದು) ತೆಗೆಯುವ ಮುಂಚೆ ಮೆಲ್ಲಗೆ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತಿಗೆ ಕೂರುತ್ತದೆ ಅಂತ ಬರೆದಿಡಿ. ಬಿಗಿ ಮಾಡಬೇಡಿ, ಅದರ ಚೂಪು ತುದಿ ಹಾಳಾದರೆ ಆಮೇಲೆ ಐಡಲಿಂಗ್ ಯಾವತ್ತೂ ನಿಲ್ಲುವುದಿಲ್ಲ. ಸ್ಲೋ ಜೆಟ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ತೂತಿನಲ್ಲಿ ದುಂಡಗೆ, ಸ್ಪಷ್ಟವಾಗಿ ಬೆಳಕು ಕಾಣಬೇಕು. ಕಾಣದಿದ್ದರೆ ಕಾರ್ಬ್ ಕ್ಲೀನರ್‌ನಲ್ಲಿ ನೆನೆಸಿ, ಸ್ಪ್ರೇ ಹೊಡೆದು, ಗಾಳಿ ಹಾಕಿ. ಸ್ಟೀಲ್ ತಂತಿ ತೂರಿಸಲೇಬೇಡಿ. ಜೆಟ್ ಹಿತ್ತಾಳೆಯದು, ತೂತು ದೊಡ್ಡದಾದರೆ ಪೆಟ್ರೋಲ್ ಲೆಕ್ಕವೇ ತಪ್ಪುತ್ತದೆ. ಜೆಟ್ ಒಂದನ್ನೇ ಕ್ಲೀನ್ ಮಾಡಿ ನಿಲ್ಲಿಸಬೇಡಿ, ಬಾಡಿಯೊಳಗಿನ ಸಣ್ಣ ದಾರಿಗಳಿಗೂ ಸ್ಪ್ರೇ ಹೊಡೆಯಿರಿ. ಥ್ರಾಟಲ್ ತಟ್ಟೆಯ ಹತ್ತಿರ ಸಾಲಾಗಿ ಪುಟ್ಟ ತೂತುಗಳಿವೆ. ಸ್ಪ್ರೇ ಒಂದೊಂದರಿಂದಲೂ ಎಳೆಯಂತೆ ಹೊರಬರಬೇಕು. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಅದು ಎಲ್ಲಿಂದ ಚಿಮ್ಮುತ್ತದೆ ಅಂತ ಹೇಳಲಾಗದು.

ಬಲ್ಬ್ ವಿಷಯಕ್ಕೆ ಬರೋಣ. ಎಂಜಿನ್ ಓಡುತ್ತಿರುವಾಗ ಬಲ್ಬ್ ಸ್ವಲ್ಪ ಮೆತ್ತಗಾಗುವುದು ಸಹಜ, ಪಂಪ್ ಎಳೆದುಕೊಳ್ಳುತ್ತಿರುತ್ತದೆ. ನಿಂತಿದ್ದಾಗ ಮೆತ್ತಗಾದರೆ ಒತ್ತಡ ಎಲ್ಲೋ ಸೋರುತ್ತಿದೆ. ಮೂರು ಜಾಗ ನೋಡಿ: ಪೈಪ್‌ನ ಕನೆಕ್ಟರ್ ಒಳಗಿನ ಓ-ರಿಂಗ್, ಬಲ್ಬ್‌ನ ವಾಲ್ವ್, ಕಾರ್ಬುರೇಟರ್‌ನ ಫ್ಲೋಟ್ ನೀಡಲ್ (ಬೌಲ್ ತುಂಬಿದಾಗ ಪೆಟ್ರೋಲ್ ತಡೆಯುವ ಸೂಜಿ). ನೀಡಲ್ ಸೋರುತ್ತಿದ್ದರೆ ಕಾರ್ಬುರೇಟರ್ ಓವರ್‌ಫ್ಲೋ ಆಗಿ ಪ್ಲಗ್ ಒದ್ದೆ ಆಗಬೇಕಿತ್ತು. ನಿಮ್ಮದು ಒಣಗಿದೆ. ನನ್ನ ಅನುಮಾನ ಓ-ರಿಂಗ್ ಮೇಲೆ.

ಇನ್ನೊಬ್ಬರು

ಅಣ್ಣಾ, ನಡುವೆ ಒಂದು ಪ್ರಶ್ನೆ. ಇಷ್ಟೆಲ್ಲಾ ಬಿಚ್ಚುವ ಬದಲು ಸ್ಟಾರ್ಟಿಂಗ್ ಸ್ಪ್ರೇ ಹೊಡೆದು ಎಬ್ಬಿಸಬಹುದಲ್ವಾ?

ಮೆಕ್ಯಾನಿಕ್

ಟೂ-ಸ್ಟ್ರೋಕ್‌ಗೆ ಬೇಡ ತಮ್ಮಾ. ಅದು ಈಥರ್. ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಬಿಡುತ್ತದೆ, ಮೇಲಿಂದ ಬೇಗ ಹೊತ್ತಿಕೊಂಡು ಪಿಸ್ಟನ್‌ಗೆ ಏಟು ಕೊಡುತ್ತದೆ. ಪರೀಕ್ಷೆಗೆ ಬೇಕಾದರೆ ಆಯಿಲ್ ಬೆರೆಸಿದ ಹೊಸ ಪೆಟ್ರೋಲನ್ನೇ ಕಾರ್ಬುರೇಟರ್ ಬಾಯಿಗೆ ಸ್ವಲ್ಪ ಚಿಮುಕಿಸಿ ಹಗ್ಗ ಎಳೆಯಿರಿ. ಎರಡು ಕ್ಷಣ ಓಡಿ ನಿಂತರೆ ಕಿಡಿ ಇದೆ, ಪೆಟ್ರೋಲ್ ಬರುತ್ತಿಲ್ಲ ಅಂತ ಖಾತ್ರಿ.

ಕಿಡಿ ನೋಡುವುದಿದ್ದರೆ ಸ್ಪಾರ್ಕ್ ಟೆಸ್ಟರ್ ಹಾಕಿ ನೋಡಿ. ಪ್ಲಗ್ ಬಿಚ್ಚಿ ಎಂಜಿನ್‌ಗೆ ತಾಗಿಸಿ ಹಗ್ಗ ಎಳೆಯುವ ಅಭ್ಯಾಸ ಅಪಾಯ. ಪಕ್ಕದ ತೂತಿನಿಂದ ಪೆಟ್ರೋಲ್ ಆವಿ ಬರುತ್ತಿರುತ್ತದೆ.

ಮತ್ತೊಬ್ಬರು

ಸರ್, ನಮ್ಮದು ಇದರ ಉಲ್ಟಾ. ಫೋರ್-ಸ್ಟ್ರೋಕ್, ಕಾರ್ಬುರೇಟರ್ ಇರುವುದು, ಬ್ಯಾಟರಿ ಸ್ಟಾರ್ಟ್. ಬೆಳಿಗ್ಗೆ ತಟ್ಟನೆ ಸ್ಟಾರ್ಟ್ ಆಗುತ್ತದೆ. ಬಿಸಿಲಲ್ಲಿ ಓಡಿಸಿ ಕಾಲು ಗಂಟೆ ನಿಲ್ಲಿಸಿದರೆ ಆಮೇಲೆ ಎಷ್ಟು ಸೆಲ್ಫ್ ಹೊಡೆದರೂ ಹಿಡಿಯುವುದಿಲ್ಲ.

ಮೆಕ್ಯಾನಿಕ್

ಎಂಜಿನ್ ನಿಂತ ಮೇಲೆ ನೀರಿನ ಪಂಪ್ ಕೂಡ ನಿಲ್ಲುತ್ತದೆ ಮೇಡಂ. ಹುಡ್ ಒಳಗೆ ಶಾಖ ಸ್ವಲ್ಪ ಹೊತ್ತು ಏರುತ್ತಲೇ ಇರುತ್ತದೆ. ಆ ಶಾಖಕ್ಕೆ ಪೈಪ್‌ನಲ್ಲಿ, ಬೌಲ್‌ನಲ್ಲಿ ಪೆಟ್ರೋಲ್ ಆವಿಯಾಗುತ್ತದೆ. ಮುಂದಿನ ಸಲ ಸೆಲ್ಫ್ ಹೊಡೆಯುವ ಮುಂಚೆ ಬಲ್ಬ್ ಗಟ್ಟಿ ಆಗುವವರೆಗೆ ಒತ್ತಿ, ಚೋಕ್ ಮುಟ್ಟದೆ, ನ್ಯೂಟ್ರಲ್‌ನಲ್ಲೇ ಥ್ರಾಟಲ್ ಸ್ವಲ್ಪ ಎತ್ತಿ ಸ್ಟಾರ್ಟ್ ಮಾಡಿ. ಬಿಸಿ ಎಂಜಿನ್‌ಗೆ ಚೋಕ್ ಎಳೆದರೆ ಪೆಟ್ರೋಲ್ ತುಂಬಿ ಪ್ಲಗ್ ನೆನೆಯುತ್ತದೆ. ಹಾಗೇನಾದರೂ ನೆನೆದಿದ್ದರೆ ಚೋಕ್ ಬಿಟ್ಟು, ನ್ಯೂಟ್ರಲ್‌ನಲ್ಲಿ ಥ್ರಾಟಲ್ ಪೂರ್ತಿ ತೆರೆದು ತಿರುಗಿಸಿ, ಗಾಳಿ ಹೋಗಿ ಒಣಗಲಿ. ಎಂಜಿನ್ ಹಿಡಿದ ತಕ್ಷಣ ಥ್ರಾಟಲ್ ಇಳಿಸಲು ಕೈ ಅಲ್ಲೇ ಇರಲಿ.

ಇದಕ್ಕೂ ಬಗ್ಗದಿದ್ದರೆ, ಹಿಡಿಯದೆ ಇರುವ ಆ ಹೊತ್ತಿನಲ್ಲೇ ಟೆಸ್ಟರ್ ಹಾಕಿ ಕಿಡಿ ನೋಡಿ. ತಣ್ಣಗಾದ ಮೇಲೆ ನೋಡಿದರೆ ಕಾಯಿಲ್ ಸರಿಯಾಗಿಯೇ ಕಾಣುತ್ತದೆ, ಏನೂ ಗೊತ್ತಾಗುವುದಿಲ್ಲ. ಬ್ಯಾಟರಿ ಟರ್ಮಿನಲ್‌ಗಳನ್ನೂ ಉಜ್ಜಿ ಬಿಗಿ ಮಾಡಿ. ಸೆಲ್ಫ್ ಎಳೆದಂತೆ ನಿಧಾನವಾಗಿ ತಿರುಗಿದರೆ ಕಿಡಿಯೂ ಸಣ್ಣದಾಗುತ್ತದೆ.

ಪ್ರಶ್ನೆ ಕೇಳಿದವರು

ಸರ್, ತುಂಬಾ ಥ್ಯಾಂಕ್ಸ್. ಸ್ಲೋ ಜೆಟ್ ಬೆಳಕಿಗೆ ಹಿಡಿದರೆ ಏನೂ ಕಾಣಲಿಲ್ಲ, ಪೂರ್ತಿ ಮುಚ್ಚಿತ್ತು. ಬೌಲ್ ತಳದಲ್ಲಿ ಹಸಿರು ಮಿಶ್ರಿತ ಕಂದು ಅಂಟು. ರಾತ್ರಿ ನೆನೆಸಿಟ್ಟು ಬೆಳಿಗ್ಗೆ ಸ್ಪ್ರೇ ಹೊಡೆದೆ. ಹೊಸ ಪೆಟ್ರೋಲ್‌ಗೆ 50:1 (ಐವತ್ತು ಪಾಲಿಗೆ ಒಂದು ಪಾಲು) ಆಯಿಲ್ ಬೆರೆಸಿ ಹಾಕಿದೆ. ಎರಡನೇ ಎಳೆತಕ್ಕೆ ಸ್ಟಾರ್ಟ್! ಚೋಕ್ ತಳ್ಳಿದರೂ ನಿಲ್ಲಲಿಲ್ಲ. ಸಿಡಿಐ ಖರ್ಚು ಉಳಿಯಿತು. ಬಲ್ಬ್ ಮಾತ್ರ ಇನ್ನೂ ಮೆತ್ತಗಾಗುತ್ತಿದೆ. ಮುಂದೆ ತಿಂಗಳುಗಟ್ಟಲೆ ನಿಲ್ಲಿಸುವಾಗ ಏನು ಮಾಡಬೇಕು?

ಮೆಕ್ಯಾನಿಕ್

ಬಹಳ ಖುಷಿ ಆಯಿತು. 50:1 ನಿಮ್ಮ ಎಂಜಿನ್ ಪುಸ್ತಕದಲ್ಲಿ ಇದೆಯಾ ಅಂತ ಒಮ್ಮೆ ನೋಡಿಬಿಡಿ. ಈಗಿನ ಹೆಚ್ಚಿನವಕ್ಕೆ ಅದೇ, ಹಳೆಯ ಕೆಲವಕ್ಕೆ ಬೇರೆ ಇರುತ್ತದೆ.

ನಿಲ್ಲಿಸುವ ಮುಂಚೆ ಹೊಸ ಪೆಟ್ರೋಲ್‌ಗೆ ಅದು ಬೇಗ ಕೆಡದಂತೆ ತಡೆಯುವ ಸ್ಟೆಬಿಲೈಸರ್ ಹಾಕಿ ಹತ್ತು ನಿಮಿಷ ಓಡಿಸಿ, ಅದು ಕಾರ್ಬುರೇಟರ್‌ವರೆಗೆ ಬರಬೇಕು. ದಡದ ಮೇಲೆ ಓಡಿಸುವುದಾದರೆ ಫ್ಲಶ್ ಮಫ್ (ಎಂಜಿನ್ ನೀರೆಳೆಯುವ ತೂತುಗಳಿಗೆ ಕೂರಿಸಿ ಹೋಸ್ ಜೋಡಿಸುವ ರಬ್ಬರ್ ಬಟ್ಟಲು) ಹಾಕಿ ನೀರು ಬಿಟ್ಟ ಮೇಲೇ ಸ್ಟಾರ್ಟ್ ಮಾಡಿ. ನೀರಿಲ್ಲದೆ ಓಡಿಸಿದರೆ ನೀರಿನ ಪಂಪ್‌ನ ರಬ್ಬರ್ ಚಕ್ರ (ಇಂಪೆಲ್ಲರ್) ಬೇಗ ಸುಟ್ಟುಹೋಗುತ್ತದೆ. ಉಪ್ಪು ನೀರಲ್ಲಿ ಓಡಿಸಿದ್ದರೆ ಸಿಹಿ ನೀರಿನ ಈ ತೊಳೆತ ಹೇಗೂ ಬೇಕು. ಆಮೇಲೆ ಎಂಜಿನ್ ಆಫ್ ಮಾಡಿ, ಪೈಪ್ ಕಳಚಿ, ಡ್ರೇನ್ ತಿರುಪಿನಿಂದ ಬೌಲ್ ಖಾಲಿ ಮಾಡಿ. ಪೈಪ್ ಕಳಚಿ ತಾನಾಗಿ ನಿಲ್ಲುವವರೆಗೆ ಓಡಿಸುವವರೂ ಇದ್ದಾರೆ. ಆದರೆ ಹಾಗೆ ಮಾಡಿದರೆ ಬೌಲ್ ತಳದಲ್ಲಿ ಸ್ವಲ್ಪ ಉಳಿದೇ ಉಳಿಯುತ್ತದೆ, ಅಂಟಾಗುವುದು ಅದೇ. ನನಗೆ ಡ್ರೇನ್ ಮಾಡುವುದೇ ಸರಿ ಅನಿಸುತ್ತದೆ.

ಬಲ್ಬ್‌ಗೆ ಹೀಗೆ ಮಾಡಿ. ಎಂಜಿನ್ ಕಡೆಯ ಕನೆಕ್ಟರ್ ಒರೆಸಿ ಒಣಗಿಸಿ, ಬಲ್ಬ್ ಗಟ್ಟಿ ಮಾಡಿ, ಕನೆಕ್ಟರ್ ಸುತ್ತ ಒಂದು ಬಿಳಿ ಕಾಗದ ಸುತ್ತಿಡಿ. ಐದು ನಿಮಿಷ ಬಿಟ್ಟು ಕಾಗದ ಒದ್ದೆಯಾಗಿದ್ದರೆ ಓ-ರಿಂಗ್ ಬದಲಾಯಿಸಿ. ಪೆಟ್ರೋಲ್ ತಡೆಯುವ ರಬ್ಬರ್‌ನದ್ದೇ ಕೇಳಿ ತನ್ನಿ, ನಲ್ಲಿಗೆ ಹಾಕುವ ಮಾಮೂಲಿ ರಿಂಗ್ ಉಬ್ಬಿ ಹಾಳಾಗುತ್ತದೆ. ಕಾಗದ ಒಣಗಿಯೇ ಇದ್ದರೆ ಬಲ್ಬ್‌ನ ವಾಲ್ವ್‌ನಿಂದ ಟ್ಯಾಂಕ್‌ಗೆ ವಾಪಸ್ ಹೋಗುತ್ತಿದೆ. ಆಗ ಬಲ್ಬ್ ಒಂದನ್ನೇ ಬದಲಾಯಿಸಿದರೆ ಸಾಕು, ಪೈಪ್ ಬಿರುಕು ಬಿಡದಿದ್ದರೆ ಅದು ಹಾಗೇ ಇರಲಿ.